ಕ್ಯಾನ್ಸರ್ ಪತ್ತೆ ತಡವಾಯಿತೇ? ಪರಿಹಾರ ಕೇಳುವ ಮೊದಲು ಇಷ್ಟು ಮಾಡಿ

ಕ್ಯಾನ್ಸರ್ ತಡವಾಗಿ ಗೊತ್ತಾಯಿತು ಅಂದಮಾತ್ರಕ್ಕೆ ಡಾಕ್ಟರದ್ದೇ ತಪ್ಪು ಎಂದಾಗುವುದಿಲ್ಲ. ಕೆಲವು ಕ್ಯಾನ್ಸರ್‌ಗಳು ಸುಳಿವೇ ಕೊಡದೆ ಬೆಳೆಯುತ್ತವೆ. ಪರಿಹಾರ ಬೇಕೆಂದರೆ ಎರಡು ವಿಷಯ ತೋರಿಸಬೇಕು. ಬೇರೆ ಯಾವ ಡಾಕ್ಟರಾದರೂ ಮಾಡಿಸುತ್ತಿದ್ದ ಪರೀಕ್ಷೆಯನ್ನು ಇವರು ಮಾಡಿಸಲಿಲ್ಲ ಎನ್ನುವುದು ಒಂದು. ಆ ತಡದಿಂದಲೇ ಹಾನಿಯಾಯಿತು ಎನ್ನುವುದು ಇನ್ನೊಂದು. ಹೆಚ್ಚಿನವರು ಸೋಲುವುದು ಎರಡನೆಯದರಲ್ಲೇ ಅನಿಸುತ್ತದೆ.

ಮೊದಲು ತಾರೀಕುಗಳನ್ನು ಬರೆದಿಡಿ. ಗಂಟು ಯಾವಾಗ ಕೈಗೆ ಸಿಕ್ಕಿತು, ಯಾರಿಗೆ ತೋರಿಸಿದಿರಿ, ಮತ್ತೆ ಯಾವಾಗ ಬರಹೇಳಿದರು. ಹೇಳಿದ ದಿನ ನೀವೇ ಹೋಗದಿದ್ದರೆ ಅದನ್ನೂ ಬರೆಯಿರಿ. ಎದುರು ಪಕ್ಷದ ವಕೀಲರು ಹೇಗೂ ಕೇಳುತ್ತಾರೆ, ಅಲ್ವಾ?

ಆಮೇಲೆ ದಾಖಲೆ. ಆಸ್ಪತ್ರೆಗೆ ಅರ್ಜಿ ಬರೆದು ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಸ್ಕ್ಯಾನ್ ರಿಪೋರ್ಟಿನ ಜೊತೆ ಅದರ ಚಿತ್ರಗಳೂ ಬೇಕು. ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷಿಸುವುದು) ಆಗಿದ್ದರೆ ಸ್ಲೈಡು ಮತ್ತು ಆ ಚೂರನ್ನು ಇಟ್ಟ ಮೇಣದ ಬ್ಲಾಕು ಎಲ್ಲಿವೆ ಎಂದು ವಿಚಾರಿಸಿ. ಬೇರೆ ಪೆಥಾಲಜಿಸ್ಟ್ (ಇಂಥ ಚೂರುಗಳನ್ನು ಪರೀಕ್ಷಿಸುವ ಡಾಕ್ಟರು) ಅವನ್ನೇ ಮತ್ತೆ ನೋಡಬಹುದು. ಹಳೆಯ ರಿಪೋರ್ಟುಗಳನ್ನು ಕೊನೆಯ ಸಾಲಿನವರೆಗೂ ಓದಿ. ಕೆಲವೊಮ್ಮೆ ಎದೆಯ ಎಕ್ಸ್‌ರೇ ರಿಪೋರ್ಟಿನ ತಳದಲ್ಲಿ ‘ಬಲಗಡೆ ಸಣ್ಣ ನೆರಳು, ಸಿಟಿ ಸ್ಕ್ಯಾನ್ ಮಾಡಿಸಿ’ ಎಂದು ಬರೆದಿರುತ್ತದೆ. ರಿಪೋರ್ಟು ಫೈಲು ಸೇರಿರುತ್ತದೆ, ರೋಗಿಗೆ ಯಾರೂ ಹೇಳಿರುವುದಿಲ್ಲ. ಅಂಥ ಒಂದು ಸಾಲು ಸಿಕ್ಕರೆ ಕೇಸಿಗೆ ದೊಡ್ಡ ಬಲ.

ಮುಂದೆ, ಆ ಆಸ್ಪತ್ರೆಗೆ ಸಂಬಂಧವಿಲ್ಲದ ತಜ್ಞರಿಂದ ಬರಹದಲ್ಲಿ ಅಭಿಪ್ರಾಯ ಪಡೆಯಿರಿ. ತಪ್ಪು ಯಾರದ್ದು ಅಂತ ಸುಮ್ನೆ ಕೇಳಬೇಡಿ. ಆಗಲೇ ಪತ್ತೆಯಾಗಿದ್ದರೆ ರೋಗ ಯಾವ ಹಂತದಲ್ಲಿರುತ್ತಿತ್ತು, ಚಿಕಿತ್ಸೆ ಎಷ್ಟು ಹಗುರವಾಗುತ್ತಿತ್ತು, ಗುಣವಾಗುವ ಸಾಧ್ಯತೆ ಎಷ್ಟಿತ್ತು ಎಂದು ಕೇಳಿ.

ಈ ಸಾಧ್ಯತೆಯ ಲೆಕ್ಕವನ್ನು ಎಲ್ಲ ಕೋರ್ಟುಗಳೂ ಒಂದೇ ರೀತಿ ನೋಡುವುದಿಲ್ಲ. ಬ್ರಿಟನ್ನಿನ ಒಂದು ಕೇಸಿನಲ್ಲಿ ಕಂಕುಳ ಕೆಳಗಿನ ಗಂಟನ್ನು ಡಾಕ್ಟರು ಬರೀ ಕೊಬ್ಬು ಅಂದಿದ್ದರು. ಅದು ಲಿಂಫೋಮಾ ಎಂಬ ಕ್ಯಾನ್ಸರ್ ಆಗಿತ್ತು. ತಡವಾದ್ದರಿಂದ ಗುಣವಾಗುವ ಸಾಧ್ಯತೆ ಶೇ 42ರಿಂದ 25ಕ್ಕೆ ಇಳಿಯಿತು. ಆದರೂ 2005ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತ್ಯುನ್ನತ ಕೋರ್ಟು) ರೋಗಿಯ ವಾದ ಒಪ್ಪಲಿಲ್ಲ. ಮೊದಲಿದ್ದ ಸಾಧ್ಯತೆಯೇ ಶೇ 50ಕ್ಕಿಂತ ಕಡಿಮೆ, ಅಂದರೆ ತಡವಾಗದಿದ್ದರೂ ಗುಣವಾಗದಿರುವ ಸಾಧ್ಯತೆಯೇ ಹೆಚ್ಚಿತ್ತು ಎಂಬುದು ಅಡ್ಡ ಬಂತು. ನನಗಂತೂ ಇದು ಕಠಿಣ ಅನಿಸುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕೇಸೊಂದರಲ್ಲಿ ಬದುಕುಳಿಯುವ ಸಾಧ್ಯತೆ ಶೇ 39 ಇದ್ದದ್ದು 25ಕ್ಕೆ ಇಳಿದಿತ್ತು. ಆದರೆ ಆ ರಾಜ್ಯದ ಸುಪ್ರೀಂ ಕೋರ್ಟು 1983ರಲ್ಲಿ ವಿಚಾರಣೆ ಮುಂದುವರಿಸಲು ಬಿಟ್ಟಿತು.

ಗಡುವನ್ನು ಮರೆಯಬೇಡಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ವಿಷಯ ತಿಳಿದ ದಿನದಿಂದ 3 ವರ್ಷ, ಭಾರತದ ಗ್ರಾಹಕ ಆಯೋಗಗಳಲ್ಲಿ 2 ವರ್ಷ. ಚಿಕಿತ್ಸೆ ಮುಗಿಯಲಿ ಅಂತ ಕಾಯದೆ, ನಿಮ್ಮ ಗಡುವು ಯಾವ ದಿನದಿಂದ ಶುರುವಾಗುತ್ತದೆ ಎಂದು ವಕೀಲರನ್ನು ಮೊದಲೇ ಕೇಳಿಕೊಳ್ಳಿ.