ಅರ್ಧ ಮನೆಯಲ್ಲಿ, ಅರ್ಧ ಹೊಲದಲ್ಲಿ: ನನ್ನ ಎಳ್ಳಮಾಸಿ ಭಜ್ಜಿ

ಎಳ್ಳ ಅಮಾವಾಸ್ಯೆ, ನಮ್ಮ ಬಾಯಲ್ಲಿ ಎಳ್ಳಮಾಸಿ, ಅಂದರೆ ಹೊಲಕ್ಕೆ ಹೋಗಿ ಪೂಜೆ ಮಾಡಿ ಅಲ್ಲೇ ಉಣ್ಣುವ ಹಬ್ಬ. 2024ರಲ್ಲಿ ಅದು ಎರಡು ಸಲ ಬಂತು. ಜನವರಿ 11ಕ್ಕೆ ಒಂದು, ಡಿಸೆಂಬರ್ 30ಕ್ಕೆ ಇನ್ನೊಂದು. ಅದರ ಹಿಂದಿನ ವರ್ಷ ಅಧಿಕ ಮಾಸ ಬಂದಿತ್ತಲ್ಲ, ಅದರ ಫಲ. ಎರಡೂ ಸಲ ನಮ್ಮ ಮನೆಯ ಭಜ್ಜಿ (ಕರಿದದ್ದಲ್ಲ; ಹಸಿ ಕಾಳು, ಸೊಪ್ಪು, ಕಡಲೆ ಹಿಟ್ಟು ಹಾಕಿ ಕುದಿಸುವ ದಪ್ಪ ಪಲ್ಯ) ಕೆಟ್ಟಿತು. ಎರಡೂ ಸಲ ಕೆಡಿಸಿದವಳು ನಾನೇ. ಒಂದೇ ವರ್ಷದಲ್ಲಿ ಎರಡು ಎಳ್ಳಮಾಸಿ ಕೆಡಿಸಿದ ಸೊಸೆ ಕಲಬುರಗಿ ಜಿಲ್ಲೆಯಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. 2025ರ ಡಿಸೆಂಬರ್ 19ಕ್ಕೆ ಮೂರನೇ ಸಲ ಮಾಡಿದೆ. 42 ಮಂದಿ ಉಂಡರು, ಬೋಗಾಣಿಯ ತಳ ಕಾಣಿಸಿತು. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ಭಜ್ಜಿ ಬಗ್ಗೆ ನಿಮಗೆ ಇದಕ್ಕಿಂತ ಹೆಚ್ಚು ಹೇಳೋದು ಬೇಡ. ನಮ್ಮ ತೊಂದರೆ ಬೇರೆ. ನಾವಿರೋದು ಕಲಬುರಗಿ ಊರಲ್ಲಿ, ಹೊಲ ಇರೋದು ಚಿತ್ತಾಪುರ ತಾಲ್ಲೂಕಿನಲ್ಲಿ. ಹಿಂದಿನ ದಿನ ಸಂಜೆವರೆಗೂ ನನಗೆ ಡ್ಯೂಟಿ. ಅತ್ತೆಯವರು ಮೊದಲು ಬೆಳಗಿನ ಜಾವ ಮೂರಕ್ಕೇ ಎದ್ದು, ಒಲೆ ಹೊತ್ತಿಸಿ, ಒಬ್ಬರೇ ಎಲ್ಲ ಮಾಡುತ್ತಿದ್ದರು. ಅವರಿಗೆ ಮೊಣಕಾಲು ನೋವು ಶುರುವಾದ ಮೇಲೆ ಸೌಟು ನನ್ನ ಕೈಗೆ ಬಂತು.

ಮೊದಲನೇ ಸಲ ಬಲು ಜಾಣತನ ಮಾಡಿದೆ. ರಾತ್ರಿಯೇ ಪೂರ್ತಿ ಭಜ್ಜಿ ಕುದಿಸಿ, ಬೆಳಿಗ್ಗೆವರೆಗೂ ಬಿಸಿ ಇರಲಿ ಅಂತ ಮುಚ್ಚಳ ಬಿಗಿದು, ಮೇಲೊಂದು ಹಳೇ ಕೌದಿ ಸುತ್ತಿಟ್ಟೆ. ಮಗು ಮಲಗಿಸಿದ ಹಾಗೆ! ಹೊಲಕ್ಕೆ ಹೋಗಿ ಮುಚ್ಚಳ ತೆಗೆದರೆ ಮೇಲೆ ನೊರೆ, ಬಾಯಿಗಿಟ್ಟರೆ ಹುಳಿ. ಪುಂಡಿ ಸೊಪ್ಪಿನ ಹುಳಿ ಅಲ್ಲ, ಕೆಟ್ಟ ಹುಳಿ. ಅಷ್ಟು ದಪ್ಪ ಭಜ್ಜಿ ನಡುವೆ ರಾತ್ರಿಯೆಲ್ಲ ಬೆಚ್ಚಗೇ ಉಳಿದಿತ್ತು, ಕೆಡದೆ ಏನು ಮಾಡೀತು? ಸುಮಾರು 2,200 ರೂಪಾಯಿ ಸಾಮಾನು ಬದುವಿನ ಆಚೆ ಹೋಯಿತು. ಆ ದಿನ ಎಲ್ಲರೂ ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು ಹಚ್ಚಿಕೊಂಡು ರೊಟ್ಟಿ ತಿಂದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡನೇ ಸಲ ಅತ್ತೆಯವರ ಮಾತೇ ಕೇಳಿದೆ. "ಭಜ್ಜಿ ಅಂದ್ರ ಒಂದೇ ಒಲಿ, ಒಂದೇ ಕುದಿ" ಅಂತ ಅವರ ಮಾತು. ಎಲ್ಲ ಸಾಮಾನು ಹೊಲಕ್ಕೇ ಒಯ್ದೆವು. ಮೂರು ಕಲ್ಲು ಹೂಡಿ ತೊಗರಿ ಕಟ್ಟಿಗೆ ಹಚ್ಚಿದೆವು. ತೊಗರಿ ಕಟ್ಟಿಗೆ ಗೊತ್ತಲ್ಲ, ಧಗ್ ಅಂತ ಉರಿಯುತ್ತೆ, ಧಪ್ ಅಂತ ಆರುತ್ತೆ. ಜೊತೆಗೆ ಗಾಳಿ. ಅವಸರದಲ್ಲಿ ಪುಂಡಿಯನ್ನೂ ಹುಣಸೆ ನೀರನ್ನೂ ಮೊದಲೇ ಹಾಕಿಬಿಟ್ಟೆ. ಹುಳಿ ಬಿದ್ದ ಮೇಲೆ ಕಾಳು ಬೇಯುತ್ತಾ? ಒಂದೂವರೆ ಗಂಟೆ ಕುದಿದರೂ ಅವರೆಕಾಳು ಗಟ್ಟಿ. ಅದರ ಮೇಲೆ ಗಾಡಿಯವರೊಬ್ಬರ ಹತ್ತಿರ ಸುಲಿದ ಕಾಳು ತಂದಿದ್ದೆ, ಕೆಲಸ ಉಳಿಯುತ್ತೆ ಅಂತ. ಅದು ಎಷ್ಟು ದಿನದ್ದೋ ಏನೋ. ಕಡಲೆ ಹಿಟ್ಟು ಹಾಕಿದ ಹತ್ತೇ ನಿಮಿಷಕ್ಕೆ ತಳ ಹತ್ತಿತು. ಹೊಲದಲ್ಲಿ ಪಾಂಡವರ ಹೆಸರಲ್ಲಿ ಇಡುವ ಕಲ್ಲುಗಳ ಪೂಜೆ ಆಗಿ, ಚರಗ ಚೆಲ್ಲಿ (ನೈವೇದ್ಯದ ಅಡುಗೆಯನ್ನು ಹೊಲದಲ್ಲಿ ಎರಚಿ), ಎಲ್ಲರೂ ಕೂತಾಗ ಮಧ್ಯಾಹ್ನ ಮೂರೂವರೆ. ಮಕ್ಕಳು ಅಷ್ಟರಲ್ಲಿ ಹೋಳಿಗೆಯಲ್ಲೇ ಹೊಟ್ಟೆ ತುಂಬಿಸಿಕೊಂಡಿದ್ದರು.

ಆ ರಾತ್ರಿ ಬೋಗಾಣಿ ತಿಕ್ಕುತ್ತಾ ಇದ್ದಾಗ ಒಂದು ವಿಚಾರ ಬಂತು. ಮೊದಲ ಸಲ ಕೆಟ್ಟಿದ್ದು ಕುದಿಸಿದ್ದರಿಂದ ಅಲ್ಲ, ಆರಿಸದೆ ಮುಚ್ಚಿಟ್ಟಿದ್ದರಿಂದ. ಎರಡನೇ ಸಲ ಕೆಟ್ಟಿದ್ದು ಎಲ್ಲವನ್ನೂ ಒಟ್ಟಿಗೇ ಹಾಕಿದ್ದರಿಂದ. ಹಾಗಾದರೆ ಕಾಳು, ಸೊಪ್ಪು ರಾತ್ರಿಯೇ ಬೇರೆ ಬೇರೆ ಬೇಯಿಸಿ ತಣ್ಣಗೆ ಇಟ್ಟು, ಒಗ್ಗರಣೆ, ಹಿಟ್ಟು, ಹುಳಿ ಮಾತ್ರ ಹೊಲದಲ್ಲಿ ಹಾಕಿದರೆ? ಮನೆಯಲ್ಲಿ ಹೇಳಿದೆ. ನಮ್ಮ ನೆಗೆಣ್ಣಿ (ಓರಗಿತ್ತಿ) ನಕ್ಕಳು. ಅತ್ತೆ ನಗಲಿಲ್ಲ. "ನಿನ್ನಿ ಬೇಸಿದ್ದು ತಂದು ದೇವರಿಗಿ ಹ್ಯಾಂಗ ಎಡಿ ಹಿಡೀತಿ?" ಅಂದರು. ಮರುದಿನದ ಭಜ್ಜಿಗೇ ರುಚಿ ಜಾಸ್ತಿ ಅಂತ ವಾರಗಟ್ಟಲೆ ಹೊಗಳುವವರೂ ಇವರೇ. ಅದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಕೊನೆಗೆ, ನೈವೇದ್ಯಕ್ಕೆ ಅವರೇ ಸಣ್ಣ ಪಾತ್ರೆಯಲ್ಲಿ ಬೇರೆ ಮಾಡೋದು ಅಂತ ರಾಜಿ ಆಯಿತು.

ಈ ಸಲ ಕಾಯಿ ತಂದು ನಾವೇ ಸುಲಿದೆವು. ನಮ್ಮದೇ ತೊಗರಿ ಇದ್ದರೂ ಆ ಹೊತ್ತಿಗೆ ಒಣಗಿ ಕೊಯ್ಲಿಗೆ ಬಂದಿತ್ತು. ತೊಗರಿ ನಾಡಿನಲ್ಲಿದ್ದುಕೊಂಡು ದುಡ್ಡು ಕೊಟ್ಟು ತೊಗರಿ ಕಾಯಿ ತರೋದು ಅಂದರೆ ಮಾವನವರಿಗೆ ಇವತ್ತಿಗೂ ಸಿಟ್ಟು. ಕಣ್ಣಿ ಮಾರ್ಕೆಟ್ಟಿನಲ್ಲಿ ಬುಧವಾರ ಸಂಜೆ ತೊಗರಿ ಕಾಯಿ 4 ಕಿಲೋ, ಅವರೆ 3, ಬಟಾಣಿ 2, ಹಸಿ ಕಡಲೆ ಒಂದು ದೊಡ್ಡ ಕಟ್ಟು. ತೊಗರಿ ಕಾಯಿ ಕಿಲೋ 60ರ ಆಸುಪಾಸು ಇತ್ತು. ಕಿಲೋ ಕಾಯಿಗೆ ಅರ್ಧ ಕಿಲೋನೂ ಕಾಳು ಬರಲ್ಲ, ಲೆಕ್ಕ ಹಾಕಿಯೇ ತನ್ನಿ. ಟಿವಿ ಮುಂದೆ ಚಾದರ ಹಾಸಿ ಐದು ಮಂದಿ ಕೂತರೂ ರಾತ್ರಿ ಹನ್ನೊಂದಾಯಿತು. ಒಟ್ಟು ನಾಲ್ಕು ಕಿಲೋ ಕಾಳು ಸಿಕ್ಕಿರಬೇಕು.

ಗುರುವಾರ ಸಂಜೆ ಕಾಳು ಬೇಯಿಸಿದೆ. ಅವರೆ ಮೊದಲು, ತೊಗರಿ ಆಮೇಲೆ, ಹಸಿ ಕಡಲೆ ಮತ್ತು ಬಟಾಣಿ ಕೊನೆಗೆ. ಕುಕ್ಕರ್ ಬೇಡ, ಒಂದು ಸೀಟಿ ಜಾಸ್ತಿ ಆದರೆ ಮುದ್ದೆಯಾಗುತ್ತೆ. ಸೋಡಾನೂ ಬೇಡ. ಅಕ್ಟೋಬರಿನಲ್ಲಿ ಸುಮ್ನೆ ಒಂದು ಸಲ ಚಿಟಿಕೆ ಸೋಡಾ ಹಾಕಿ ನೋಡಿದ್ದೆ. ಕಾಳೇನೋ ಬೇಗ ಬೆಂದವು, ಪಾಲಕ್ ಮಾತ್ರ ಲೋಳೆ ಲೋಳೆ ಆಗಿ, ವಾಸನೆಯೂ ಬೇರೆಯೇ ಬಂತು. ಮೆಂತ್ಯ, ಪಾಲಕ್, ರಾಜಗಿರಿ ಒಂದೇ ಕುದಿ ಬರಿಸಿ ತೆಗೆದೆ. ಪುಂಡಿ ಬೇರೆ ಬೇಯಿಸಿ, ಮೊದಲ ನೀರು ಚೆಲ್ಲಿ, ಹಿಂಡಿ ಉಂಡೆ ಮಾಡಿಟ್ಟೆ.

ನಿಜವಾದ ಕೆಲಸ ಆರಿಸೋದು. ಎರಡು ದೊಡ್ಡ ಪರಾತ (ಅಗಲ ತಟ್ಟೆ) ನಮ್ಮವು, ಒಂದು ಪಕ್ಕದ ಮನೆಯದು. ಕಾಳನ್ನು ಎರಡು ಬೆರಳಿಗಿಂತ ದಪ್ಪ ಆಗದ ಹಾಗೆ ಹರಡಿ, ತೆಳ್ಳನೆ ಬಟ್ಟೆ ಹೊದಿಸಿ ಮಾಳಿಗೆ ಮೇಲೆ ಇಟ್ಟೆ. ಡಿಸೆಂಬರಿನ ಥಂಡಿ ಪುಕ್ಕಟೆ ಸಿಗುತ್ತೆ ಅಲ್ವಾ. ಬೆಕ್ಕು ಬರದ ಹಾಗೆ ಮಗನನ್ನು ಕಾವಲಿಗೆ ಕೂರಿಸಿದ್ದೆ. ಗಂಟೆಯೊಳಗೆ ತಣ್ಣಗಾಯಿತು. ಆಮೇಲೆ ಡಬ್ಬಿಗಳಿಗೆ ತುಂಬಿ ಫ್ರಿಜ್ಜಿಗೆ. ನಮ್ಮ ಫ್ರಿಜ್ಜಿನಲ್ಲಿ ಅರ್ಧ, ಪಕ್ಕದ ಮನೆಯವರದರಲ್ಲಿ ಅರ್ಧ. ಅವರಿಗೂ ಒಂದು ಡಬ್ಬಿ ಭಜ್ಜಿ ಮುಟ್ಟಿತು ಅನ್ನಿ.

ಅಂಬಲಿ ಕತೆ ಇಲ್ಲೇ ಹೇಳಿಬಿಡುತ್ತೇನೆ. ಜೋಳದ ಹಿಟ್ಟು, ಮಜ್ಜಿಗೆ ಕಲೆಸಿ ಮಡಕೆಯಲ್ಲಿ ಇಟ್ಟರೆ ಆ ಥಂಡಿಗೆ ಹುಳಿ ಏರಲೇ ಇಲ್ಲ. ಬಚ್ಚಲ ಒಲೆ ಪಕ್ಕ ಇಟ್ಟ ಮೇಲೆ ಏರಿತು. ಆದರೆ ಮಡಕೆಗೆ ಕೂದಲೆಳೆಯ ಬಿರುಕು ಬಿಟ್ಟು 120 ರೂಪಾಯಿ ಹೋಯಿತು.

ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಮೂರನ್ನೂ ಹದಿನೈದು ದಿನ ಮೊದಲೇ ಮಾಡಿದ್ದೆ. ಆಗ ಅಂಗಡಿಯಲ್ಲಿ ಶೇಂಗಾ ಹಿಂಡಿ ಕಿಲೋ 400ರ ಹತ್ತಿರ ಹೇಳುತ್ತಿದ್ದರು. ಮನೆಯಲ್ಲಿ 220ಕ್ಕೆ ಆಯಿತು. ಮಿಕ್ಸಿಯನ್ನು ಒಂದೇ ಸಮ ತಿರುಗಿಸಬೇಡಿ, ಎಣ್ಣೆ ಬಿಟ್ಟು ಉಂಡೆಯಾಗುತ್ತೆ. ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ಮಾಡಿ. ಇನ್ನು ರೊಟ್ಟಿ. ಕಟಕ (ಗರಿಗರಿ) ರೊಟ್ಟಿ, ಸಜ್ಜಿ ರೊಟ್ಟಿ ಸೇರಿ ಸುಮಾರು 150, ರೊಟ್ಟಿ ಮಾಡಿ ಮಾರುವ ಕೇಂದ್ರದಿಂದ ತಂದೆ. ಅದರಲ್ಲಿ ನನಗೆ ನಾಚಿಕೆ ಇಲ್ಲ. ನನಗಿಂತ ಚೆನ್ನಾಗಿ ಬಡಿಯುತ್ತಾರೆ.

ಶುಕ್ರವಾರ ಒಂಬತ್ತೂವರೆಗೆ ಹೊಲ ಮುಟ್ಟಿದೆವು. ಸಣ್ಣ ಸಿಲಿಂಡರಿನ ಒಲೆ ಒಯ್ದಿದ್ದೆ. ಅದರ ಸುತ್ತ ಮೂರು ಕಡೆ ತಗಡು ನಿಲ್ಲಿಸಿದೆ, ಗಾಳಿಗೆ. ಗಾಣದ ಕುಸುಬಿ ಎಣ್ಣೆ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ, ಜಜ್ಜಿದ ಬೆಳ್ಳುಳ್ಳಿ ಕಾಲು ಕಿಲೋ, ಕುಟ್ಟಿದ ಹಸಿ ಮೆಣಸಿನಕಾಯಿ. ಬೆಳ್ಳುಳ್ಳಿ ಕೆಂಪಾಗುವ ಮುಂಚೆ ಬದನೆಕಾಯಿ, ಗಜ್ಜರಿ (ಕ್ಯಾರೆಟ್), ಉಳ್ಳಾಗಡ್ಡಿ ತಪ್ಪಲು (ಈರುಳ್ಳಿ ಸೊಪ್ಪು). ಅವು ಮೆತ್ತಗಾದ ಮೇಲೆ ಕಾಳು, ಅದರ ಹಿಂದೆ ಬೇಯಿಸಿದ ಸೊಪ್ಪು. ಎಲ್ಲ ಚೆನ್ನಾಗಿ ಕುದಿ ಬಂದ ಮೇಲೆಯೇ ಪುಂಡಿ ಉಂಡೆ ಒಡೆದು ಹಾಕಿದ್ದು, ಹುಣಸೆ ಹುಳಿ ಹಿಂಡಿದ್ದು.

ಕಡಲೆ ಹಿಟ್ಟು ಮುಕ್ಕಾಲು ಕಿಲೋ ಬೇಕಾಯಿತು. ಹಸಿ ಹಿಟ್ಟಲ್ಲ, ಮನೆಯಲ್ಲೇ ಹುರಿದು ಒಯ್ದದ್ದು. ಕಾಳು ಬೇಯಿಸಿದ ಕಟ್ಟನ್ನು ಚೆಲ್ಲದೆ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಅದರಲ್ಲೇ ಗಂಟಿಲ್ಲದಂತೆ ಕದಡಿ, ದಾರದ ಹಾಗೆ ಸಣ್ಣಗೆ ಬಿಡುತ್ತಾ ತಳ ಮುಟ್ಟಿ ತಿರುಗಿಸಿದೆ. ಹಿಟ್ಟಿನ ಜೊತೆ ಒಂದು ಪುಡಿ ಬೀಳುತ್ತೆ. ಅದೇನು ಅಂತ ನೆಗೆಣ್ಣಿಗೇ ಹೇಳಿಲ್ಲ, ಇಲ್ಲಿ ಹೇಳ್ತೀನಾ? ಎರಡು ಹಿಡಿ, ಅಷ್ಟೇ ಹೇಳುವೆ. ಕಡಲೆ ಹಿಟ್ಟಿನ ಬದಲು ಜೋಳದ ಹಿಟ್ಟು ಹಾಕಿ ನೋಡಿದ್ದೆ ಒಮ್ಮೆ, ಆರಿದ ಮೇಲೆ ಪೋಸ್ಟರ್ ಅಂಟಿಸಬಹುದಿತ್ತು. ಶೇಂಗಾ ಪುಡಿಯಿಂದ ರುಚಿ ಬಂತು, ಆದರೆ ಎಣ್ಣೆ ಮೇಲೆ ನಿಂತು ಎರಡು ರೊಟ್ಟಿಗೇ ಸಾಕಾಯಿತು.

ಕೊನೆಯ ಇಪ್ಪತ್ತು ನಿಮಿಷ ಭಜ್ಜಿ ಬುಳುಕ್ ಬುಳುಕ್ ಅಂತ ಸಿಡಿಯುತ್ತೆ. ಬಲ ಮುಂಗೈ ಮೇಲೆ ಮೂರು ಕಲೆ ಇನ್ನೂ ಇವೆ. ಉದ್ದ ಹಿಡಿಕೆಯ ಹುಟ್ಟು ಒಯ್ಯಿರಿ. ನಾನು ಒಯ್ದಿರಲಿಲ್ಲ.

ಹನ್ನೊಂದೂವರೆಗೆ ಒಲೆ ಆರಿಸಿದೆ. ಅತ್ತೆ ಬಂದು ಮೊದಲು ಮೂಸಿ ನೋಡಿದರು. ಆಮೇಲೆ ಒಂದು ಅವರೆಕಾಳು ತೆಗೆದು ಬೆರಳ ನಡುವೆ ಹಿಚುಕಿದರು. ಹಿಚುಕಿತು. "ಉಪ್ಪು ಒಂಚೂರು ಬೇಕು" ಅಂದರು. ಉಪ್ಪು ಸರಿಯಾಗಿಯೇ ಇತ್ತು.

ಲೆಕ್ಕ ಹೀಗಿದೆ. ಭಜ್ಜಿಗೆ 1,900ರ ಒಳಗೆ. ಹಿಂಡಿ, ಅಂಬಲಿ, ಮೊಸರು ಎಲ್ಲ ಸೇರಿ 3,400. ರೊಟ್ಟಿ ಬೇರೆ. ಹಿಂದಿನ ಸಲ ಅಡುಗೆಯವರೊಬ್ಬರು ಬರೀ ಪಲ್ಯ, ಹಿಂಡಿಗೆ ತಲೆಗೆ 140 ಹೇಳಿದ್ದರು. 42 ಮಂದಿಗೆ ನೀವೇ ಗುಣಿಸಿ.

ಕೆಟ್ಟ ಪ್ರಯೋಗ ಒಂದು ಉಳಿದಿದೆ. ಕಮಲಾಪುರದ ಕೆಂಪು ಬಾಳೆಹಣ್ಣಿನಿಂದ ಸೀಕರಣೆ ಮಾಡಿ ಒಯ್ದಿದ್ದೆ. ಬೆಳಿಗ್ಗೆಯೇ ಹಣ್ಣು ಕಿವುಚಿ ಒಯ್ದದ್ದು ನನ್ನ ತಪ್ಪು. ಮಧ್ಯಾಹ್ನಕ್ಕೆ ಕಪ್ಪಗಾಗಿ ಯಾರೂ ಮುಟ್ಟಲಿಲ್ಲ. ಬಾಳೆಹಣ್ಣಿಗೆ ಕೊಟ್ಟ 200 ರೂಪಾಯಿ ಎತ್ತಿನ ಬಾಯಿಗೆ.

ಜನವರಿಯಲ್ಲಿ, ಭೋಗಿ ಹಬ್ಬಕ್ಕೆ ಇನ್ನು ಮೂರು ದಿನ ಇದೆ ಅನ್ನುವಾಗ ಊರಿಂದ ಅತ್ತೆಯವರ ಫೋನ್ ಬಂತು. "ಕಾಳು ಅಲ್ಲೇ ಕುದಿಸಿ, ಆರಿಸ್ಕೊಂಡು ತಂದುಬಿಡವ್ವ. ಪುಂಡಿ ಮಾತ್ರ ನಾನೇ ಹಾಕ್ತೀನಿ."