ನೆಟ್‌ವರ್ಕ್ ಖಾಲಿ ಕಂಡರೂ ಫೋಲ್ಡರ್ ಅಲ್ಲೇ ಇರುತ್ತದೆ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ಪಾಂಪ್ಲೆಟ್ಟು ನಮ್ಮ ಕೆಲಸ. ಪಾರ್ಟಿಗಳ ಫೈಲುಗಳೆಲ್ಲ ಡಿಸೈನ್ ಮಾಡುವ ವಿಂಡೋಸ್ ಕಂಪ್ಯೂಟರಿನಲ್ಲಿವೆ. ಪ್ರೂಫ್ ತಿದ್ದಿ ಪಿಡಿಎಫ್ ಮಾಡುವ ನನ್ನ ಟೇಬಲ್ಲಿನ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್ ಮಿಂಟ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ.

ವಿಂಡೋಸಿನ ಫೋಲ್ಡರನ್ನು ನನ್ನ ಟೇಬಲ್ಲಿನಿಂದಲೇ ತೆರೆಯೋಣ ಅಂತ ಫೈಲ್ ಮ್ಯಾನೇಜರಿನಲ್ಲಿ 'ನೆಟ್‌ವರ್ಕ್' ಒತ್ತಿದರೆ ಏನೂ ಕಾಣುತ್ತಿರಲಿಲ್ಲ. "ಪೆನ್‌ಡ್ರೈವ್ ತಗೊಳ್ಳಿ ಸಾರ್" ಅನ್ನುತ್ತಿದ್ದ ನಮ್ಮ ಡಿಸೈನರ್ ಹುಡುಗ. ಆದರೆ ಪೆನ್‌ಡ್ರೈವ್ ಅಂದರೆ ಒಂದೇ ಪತ್ರಿಕೆಗೆ ಎರಡು ಕಾಪಿ. ತಿದ್ದಿದ್ದು ಒಂದರಲ್ಲಿ, ಪ್ರಿಂಟಿಗೆ ಹೋಗುವುದು ಇನ್ನೊಂದು. ಮದುವೆ ಮನೆಯವರಿಗೆ ಏನು ಹೇಳುವುದು?

ಪಟ್ಟಿ ಖಾಲಿ ಇರುವುದಕ್ಕೆ ಕಾರಣ ಇದೆ. ಹಿಂದೆ ಕಂಪ್ಯೂಟರುಗಳ ಹೆಸರು ಅಲ್ಲಿ ತಾನಾಗಿ ಕಾಣುತ್ತಿದ್ದದ್ದು ಎಸ್‌ಎಂಬಿ 1 ಎಂಬ, ಫೋಲ್ಡರ್ ಹಂಚಿಕೊಳ್ಳುವ ಹಳೆಯ ವ್ಯವಸ್ಥೆಯಿಂದ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ವೈರಸ್ ಹರಡಿದ್ದು ಅದರಲ್ಲಿದ್ದ ತೂತಿನಿಂದಲೇ. ಅದೇ ವರ್ಷ ವಿಂಡೋಸ್ 10ರ ಹೊಸ ಆವೃತ್ತಿ ಎಸ್‌ಎಂಬಿ 1 ಅನ್ನು ತಾನಾಗಿ ಹಾಕುವುದನ್ನು ಬಿಟ್ಟಿತು. 2019ರಲ್ಲಿ ಸಾಂಬಾ 4.11 (ಲಿನಕ್ಸಿನಲ್ಲಿ ವಿಂಡೋಸ್ ಜೊತೆ ಫೈಲ್ ಹಂಚಿಕೊಳ್ಳುವ ಸಾಫ್ಟ್‌ವೇರ್) ಕೂಡ ಅದನ್ನು ಆಫ್ ಮಾಡಿತು. ಈಗಿನ ವಿಂಡೋಸ್ ತನ್ನ ಹೆಸರನ್ನು ಬೇರೆ ರೀತಿಯಲ್ಲಿ ಸಾರುತ್ತದೆ. ನಿಮ್ಮ ಫೈಲ್ ಮ್ಯಾನೇಜರಿಗೆ ಅದು ಕೇಳಿಸದಿದ್ದರೆ ಪಟ್ಟಿ ಖಾಲಿ. ಅಂಗಡಿ ತೆರೆದೇ ಇದೆ, ಬೋರ್ಡ್ ಮಾತ್ರ ಇಲ್ಲ. ಎಸ್‌ಎಂಬಿ 1 ಮತ್ತೆ ಆನ್ ಮಾಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಒಂದು ಪಟ್ಟಿ ಕಾಣಲಿ ಅಂತ ಆ ತೂತು ತೆರೆಯುವುದು ಬೇಡ.

ನಾನು ನೇರ ವಿಳಾಸಕ್ಕೆ ಹೋಗುತ್ತೇನೆ. ಕಂಟ್ರೋಲ್ ಜೊತೆ ಎಲ್ ಒತ್ತಿದರೆ ಮೇಲೆ ವಿಳಾಸದ ಜಾಗ ತೆರೆಯುತ್ತದೆ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎಸ್‌ಎಂಬಿ, ಕೋಲನ್, ಎರಡು ಸ್ಲ್ಯಾಶ್, ಆಮೇಲೆ ವಿಂಡೋಸ್ ಕಂಪ್ಯೂಟರಿನ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಅದರ ಅಂಕಿಯ ವಿಳಾಸ. ಎಂಟರ್ ಒತ್ತಿದರೆ ಶೇರ್ ಮಾಡಿದ ಫೋಲ್ಡರುಗಳು ಬರುತ್ತವೆ. ಒಮ್ಮೆ ಬುಕ್‌ಮಾರ್ಕ್ ಮಾಡಿದರೆ ಮತ್ತೆ ಟೈಪ್ ಮಾಡಬೇಕಾಗಿಲ್ಲ. ಕರೆಂಟ್ ಹೋಗಿ ಬಂದಾಗ ಐಪಿ ಬದಲಾಗಬಾರದು ಅಂದರೆ ರೌಟರಿನಲ್ಲಿ ಆ ಕಂಪ್ಯೂಟರಿಗೆ ಒಂದು ಐಪಿಯನ್ನು ಕಾಯಂ ಮಾಡಿ.

ಪಾಸ್‌ವರ್ಡ್ ಕೇಳುವ ಕಡೆ ಬಹಳ ಜನ ನಿಂತುಬಿಡುತ್ತಾರೆ. ವಿಂಡೋಸ್ ತೆರೆಯುವಾಗ ಹೊಡೆಯುವ ನಾಲ್ಕಂಕಿ ಪಿನ್ ಇಲ್ಲಿ ನಡೆಯುವುದಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ನಾವು ಶೇರಿಂಗ್‌ಗೆ ಅಂತಲೇ ವಿಂಡೋಸಿನಲ್ಲಿ ಬೇರೆ ಲೋಕಲ್ ಖಾತೆ ಮಾಡಿ, ಆ ಒಂದು ಫೋಲ್ಡರಿಗೆ ಮಾತ್ರ ಅನುಮತಿ ಕೊಟ್ಟಿದ್ದೇವೆ. ವಿಂಡೋಸಿನಲ್ಲಿ ನೆಟ್‌ವರ್ಕ್ 'ಪ್ರೈವೇಟ್' ಅಂತ ಇದೆಯೇ ನೋಡಿ. 'ಪಬ್ಲಿಕ್' ಇದ್ದರೆ ಸಾಮಾನ್ಯವಾಗಿ ಫೈರ್‌ವಾಲ್ ಬಾಗಿಲು ಹಾಕಿಬಿಡುತ್ತದೆ.

ಸುಮ್ನೆ ಫೈಲ್ ತೆರೆದು ನೋಡಲು ಇಷ್ಟು ಸಾಕು. ಪಿಡಿಎಫ್‌ಗಳನ್ನು ಒಟ್ಟಿಗೆ ಚಿಕ್ಕದು ಮಾಡಲು ನನ್ನದೊಂದು ಸ್ಕ್ರಿಪ್ಟ್ ಇದೆ. ಅದಕ್ಕೆ ಈ ರೀತಿ ತೆರೆದ ಜಾಗ ಒಗ್ಗುವುದಿಲ್ಲ, ಮಾಮೂಲಿ ಫೋಲ್ಡರೇ ಬೇಕು. ಹಾಗಾಗಿ ಶೇರ್ ಮಾಡಿದ ಫೋಲ್ಡರನ್ನು ಮಾಮೂಲಿ ಫೋಲ್ಡರಿನಂತೆ ಜೋಡಿಸುವ ಸಿಐಎಫ್‌ಎಸ್-ಯುಟಿಲ್ಸ್ ಹಾಕಿಕೊಂಡು, ಏನೇನು ಜೋಡಿಸಬೇಕು ಅಂತ ಲಿನಕ್ಸ್ ನೋಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಸೇರಿಸಿದೆ. ಪಾಸ್‌ವರ್ಡನ್ನು ಆ ಸಾಲಿನಲ್ಲಿ ಬರೆಯಲಿಲ್ಲ. ರೂಟ್, ಅಂದರೆ ಲಿನಕ್ಸಿನ ಅಡ್ಮಿನ್ ಖಾತೆ, ಮಾತ್ರ ಓದಬಲ್ಲ, 600 ಅನುಮತಿಯ ಬೇರೆ ಫೈಲಿನಲ್ಲಿ ಇಟ್ಟೆ. ಆ ಸಾಲಿನಲ್ಲಿ ಯುಐಡಿ (ಲಿನಕ್ಸಿನಲ್ಲಿ ನನ್ನ ಖಾತೆಯ ನಂಬರ್) 1000 ಅಂತ ಕೊಟ್ಟರೆ ಫೈಲುಗಳು ನನ್ನ ಹೆಸರಿಗೆ ಬರುತ್ತವೆ, ತಿದ್ದಿ ಸೇವ್ ಮಾಡಬಹುದು. ಅದರ ಜೊತೆ 'ನೋಫೇಲ್' ಮತ್ತು ಲಿನಕ್ಸಿನ ಬೂಟ್ ನೋಡಿಕೊಳ್ಳುವ ಸಿಸ್ಟಂ-ಡಿಯ 'ಆಟೋಮೌಂಟ್' ಖಂಡಿತ ಹಾಕಿ. ಆ ಕಡೆಯ ಕಂಪ್ಯೂಟರ್ ಆಫ್ ಇದ್ದರೂ ನಮ್ಮದು ಬೂಟ್ ಆಗುವಾಗ ಕಾಯುತ್ತಾ ಕೂರುವುದಿಲ್ಲ. ಫೋಲ್ಡರ್ ಮುಟ್ಟಿದಾಗಷ್ಟೇ ಜೋಡಿಸಿಕೊಳ್ಳುತ್ತದೆ.

ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟರೂ ಎರಡೂ ಕಡೆ ಚೆನ್ನಾಗಿಯೇ ಕಾಣುತ್ತದೆ, ಯೂನಿಕೋಡ್ ಆಗಿದ್ದರೆ ಸಾಕು. ಮುಹೂರ್ತದ ಸಮಯವನ್ನು ಹೆಸರಿನಲ್ಲಿ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಅಲ್ವಾ? ಅಲ್ಲಿ ಕೋಲನ್ ಬೇಡ. ಲಿನಕ್ಸ್ ಒಪ್ಪುತ್ತದೆ, ವಿಂಡೋಸ್ ಒಪ್ಪುವುದಿಲ್ಲ. ನಾವು ಚುಕ್ಕಿ ಇಟ್ಟು 10.30 ಅಂತಲೇ ಬರೆಯುತ್ತೇವೆ.