ಮಕ್ಕಳ ಬಾಯಿಂದ ಬಂದ ಮೇಲೆ ಬರೆದ ನಾಟಕ

ನಾನು ಕೊಡಗಿನ ನಾಪೋಕ್ಲು ಕಡೆ ಒಂದು ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರು. ನಾಟಕ ಅಂದ್ರೆ ಎಲ್ಲಿಂದಾದ್ರೂ ಸ್ಕ್ರಿಪ್ಟ್ ತಂದು ಪಾತ್ರ ಹಂಚಿ ಬಾಯಿಪಾಠ ಮಾಡಿಸೋದು ನಂಗೆ ಸರಿ ಬರಲ್ಲ. ಮಕ್ಕಳು ಆಡಿ ತೋರಿಸಿದ ಮೇಲೇನೇ ನಾನು ಬರೆಯೋಕೆ ಕೂರೋದು. ಬ್ರಿಟಿಷ್ರ ವಿರುದ್ಧ ರೈತರು ಎದ್ದ ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರ ನಾಟಕ ಮಾಡಿಸಿದ್ದೂ ಹಂಗೇ.

ಕಥೆ ಇಲ್ಲಿಯವ್ರಿಗೆ ಗೊತ್ತಿರೋದೇ. 1834ರಲ್ಲಿ ಕೊಡಗಿನ ರಾಜ ಚಿಕ್ಕವೀರರಾಜನ್ನ ಇಳಿಸಿ ಬ್ರಿಟಿಷ್ರು ಕೊಡಗನ್ನ ತಗೊಂಡ್ರು, ಅಮರ ಸುಳ್ಯ ಪುತ್ತೂರು ಕಡೆಯನ್ನ ಕೊಡಗಿಂದ ಬಿಡಿಸಿ ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿದ್ರು, ಅಲ್ಲಿವರೆಗೂ ದವಸದಲ್ಲಿ ಕೊಡ್ತಿದ್ದ ಕಂದಾಯನ ದುಡ್ಡಲ್ಲೇ ಕೊಡ್ಬೇಕು ಅಂದ್ರು. 1837ರಲ್ಲಿ ರೈತರು ದಂಗೆ ಎದ್ದು ಮಂಗಳೂರಿನವರೆಗೂ ಹೋಗಿ ಬಾವುಟಗುಡ್ಡದಲ್ಲಿ ಬಾವುಟ ಹಾರಿಸಿದ್ರು. ಆದ್ರೆ ಎಂಟನೇ ಕ್ಲಾಸ್ ಮಕ್ಕಳಿಗೆ ಕಂದಾಯ ಅಂದ್ರೆ ಏನು ಅಂತ ಮೈಗೆ ಹತ್ತಬೇಕಲ್ವಾ, ಅದಕ್ಕೆ ಪಾಠ ಮಾಡ್ಲಿಲ್ಲ. ಒಬ್ಬನ್ನ ವಸೂಲಿಗೆ ಬಂದವನಾಗಿ ನಿಲ್ಲಿಸ್ದೆ, ಇನ್ನೊಬ್ಬನ ಮುಂದೆ ಭತ್ತದ ರಾಶಿ ಇದೆ ಅಂದ್ಕೋ, ಕೈಯಲ್ಲಿ ಕಾಸಿಲ್ಲ, ಮಾತಾಡು ಅಂದೆ. ಕನ್ನಡದಲ್ಲಿ ಶುರು ಮಾಡಿದವ್ನು ತಡವರಿಸಿ ನಿಂತ. ಮನೇಲಿ ಮಾತಾಡೋ ಹಂಗೇ ಮಾತಾಡೋ ಅಂದಾಗ ಇಲ್ಲಿನ ಗೌಡರ ಮನೆ ಮಾತಾದ ಅರೆಭಾಷೆಯಲ್ಲಿ ಸರಸರ ಬಂತು ನೋಡಿ, ಜಗಳ, ಗೋಗರೆಯೋದು, ರಾಶಿಯಿಂದ ಬೊಗಸೆ ತುಂಬಿ ಅವನ ಮುಖದ ಹತ್ರ ಹಿಡಿಯೋದು, ಎಲ್ಲಾ. ಆಮೇಲೆ ಅದನ್ನೇ ಕನ್ನಡಕ್ಕೆ ತಂದ್ವಿ, "ಭತ್ತ ಅಳೆದು ಎಷ್ಟು ಬೇಕಾದ್ರೂ ತಗೊಂಡು ಹೋಗಿ ಸ್ವಾಮಿ, ರೂಪಾಯಿ ನಮ್ಮ ಗದ್ದೇಲಿ ಬೆಳೆಯಲ್ಲ" ಅನ್ನೋದು ಅವನದೇ ಮಾತು, ಒಂದಕ್ಷರ ಮುಟ್ಟಿಲ್ಲ ನಾನು. ನಮ್ಮ ಕ್ಲಾಸಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ ಭಾಷೆ ಎಲ್ಲಾ ಇದೆ, ಎಲ್ರಿಗೂ ಮೊದಲು ಮನೆ ಮಾತಲ್ಲೇ ಆಡೋಕೆ ಬಿಡ್ತೀನಿ.

ಜುಲೈನಲ್ಲಿ ಇಲ್ಲಿನ ಮಳೆ ಗೊತ್ತಲ್ಲ, ಶೀಟ್ ಮಾಡಿನ ಮೇಲೆ ಬಿದ್ರೆ ಪಕ್ಕದಲ್ಲಿ ನಿಂತವನ ಮಾತೂ ಕೇಳಲ್ಲ. ಆ ತಿಂಗಳೆಲ್ಲಾ ಮಾತಿಲ್ದೇ ಆಡಿಸ್ತೀನಿ. ಹಿಂದಿನ ಬೆಂಚಲ್ಲಿ ಕೂತ ಆರನೇ ಕ್ಲಾಸ್ ಮಕ್ಕಳಿಗೆ ಏನಾಗ್ತಿದೆ ಅಂತ ಅರ್ಥ ಆದ್ರೆ ಆ ಜಾಗದ ಡೈಲಾಗ್ ಬೇಡವೇ ಬೇಡ, ತೆಗೆದು ಹಾಕ್ತೀನಿ. ಇದರಿಂದ ಸ್ಕ್ರಿಪ್ಟ್ ಎಷ್ಟು ಹಗುರ ಆಗುತ್ತೆ ಅಂದ್ರೆ ನಂಬಲ್ಲ ನೀವು.

ಮಳೆ ಕಮ್ಮಿ ಆದ್ಮೇಲೆ ಧ್ವನಿ ಕೆಲಸ. ಜೋರಾಗಿ ಮಾತಾಡಿ ಅಂತ ಹೇಳಿದ್ರೆ ಮಕ್ಕಳು ಕಿರುಚ್ತಾರೆ, ಗಂಟಲು ಹೋಗುತ್ತೆ ಅಷ್ಟೇ. ನಿಜವಾದ ತೊಂದ್ರೆ ಸಾಲಿನ ಕೊನೇಲಿ ಇರೋದು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಮಕ್ಕಳು ಅಷ್ಟೊತ್ತಿಗೆ ಉಸಿರು ಮುಗಿಸಿ ದನಿ ಇಳಿಸಿಬಿಡ್ತಾರೆ. "ನಾವು ಕಂದಾಯ" ಅನ್ನೋದು ಕೇಳುತ್ತೆ, ಕೊಡ್ತೀವಿ ಅಂದ್ರೋ ಕೊಡಲ್ಲ ಅಂದ್ರೋ ಹಿಂದೆ ಕೂತವ್ರಿಗೆ ಗೊತ್ತಾಗಲ್ಲ, ಇಡೀ ನಾಟಕ ನಿಂತಿರೋದೇ ಆ ಒಂದು "ಕೊಡಲ್ಲ" ಮೇಲೆ! ಅದಕ್ಕೆ ಒಬ್ಬ ಸಾಲು ಹೇಳ್ಬೇಕು, ಮೈದಾನದ ಆ ತುದೀಲಿ ನಿಂತವ್ನು ಕೊನೆ ಪದ ಮಾತ್ರ ವಾಪಸ್ ಕೂಗ್ಬೇಕು. ಇದನ್ನ ದಿನಾ ಆಡಿಸ್ತೀನಿ.

ಇನ್ನೊಂದು, ಡಿಸೆಂಬರ್ ಬಂತಂದ್ರೆ ಕಾಫಿ ಕುಯ್ಲು, ತೋಟದ ಕೂಲಿಯವರ ಲೈನ್‌ಮನೆ ಮಕ್ಕಳು ಯಾವಾಗ ಬರ್ತಾರೆ ಯಾವಾಗ ಇಲ್ಲ ಹೇಳೋಕಾಗಲ್ಲ. ಹಾಗಾಗಿ ಶೋ ನವೆಂಬರಲ್ಲೇ ಮುಗಿಸ್ತೀನಿ, ಮತ್ತೆ ಆ ಮಕ್ಕಳಿಗೆ ಸಣ್ಣ ಪಾತ್ರ ಕೊಟ್ಟು ಮೂಲೆಗೆ ನಿಲ್ಲಿಸೋದು ನಂಗೆ ಆಗಲ್ಲ. ದೊಡ್ಡ ಮಾತುಗಳನ್ನ ಗುಂಪಿಗೆ ಹಂಚಿ ಬರೀತೀನಿ, ಒಬ್ಬ ಬರ್ಲಿಲ್ಲ ಅಂದ್ರೆ ಪಕ್ಕದವ್ನು ಎತ್ಕೊಳ್ತಾನೆ, ಬಂದ್ರೆ ಅವನ ಸಾಲು ಅವನಿಗೇ.

ಕೊನೆ ಸೀನ್ ಬಗ್ಗೆ ತುಂಬಾ ಯೋಚ್ನೆ ಮಾಡಿದ್ದೆ. ದಂಗೆ ಅಡಗಿಸಿದ ಬ್ರಿಟಿಷ್ರು 1837ರ ಅಕ್ಟೋಬರ್ 31ಕ್ಕೆ ಮಡಿಕೇರಿ ಕೋಟೆ ಹತ್ರ ಅಪ್ಪಯ್ಯ ಗೌಡರನ್ನ ಮನೆಯವರ ಎದುರಲ್ಲೇ ಗಲ್ಲಿಗೇರಿಸಿದ್ರು. ಮಕ್ಕಳ ಕೈಗೆ ಹಗ್ಗ ಕೊಡಲ್ಲ ಅಂತ ಮೊದಲೇ ತೀರ್ಮಾನ ಮಾಡ್ಕೊಂಡಿದ್ದೆ. ಅವರ ಮನೆಯವರ ಪಾತ್ರ ಮಾಡೋ ಮಕ್ಕಳನ್ನ ಮಾತ್ರ ಸ್ಟೇಜ್ ಮೇಲೆ ನಿಲ್ಲಿಸ್ದೆ, ನೋಡು ಅಂತ ಸಿಪಾಯಿ ಹೇಳ್ತಾನೆ, ಅವ್ರು ನೋಡಲ್ಲ, ತಿರುಗಿ ನಿಲ್ತಾರೆ. ತಿರುಗೋದು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಐಡಿಯಾ.

ಬರೆದಿಟ್ಟ ಪ್ರತಿ ನನ್ನ ಹತ್ರ ಇದೆ, ಬೇರೆ ಶಾಲೆಯವ್ರು ಕೇಳಿದ್ರೆ ಖಂಡಿತ ಕೊಡ್ತೀನಿ. ಆದ್ರೆ ಸೀನ್‌ಗಳ ಸಾಲು ಮಾತ್ರ ಇಟ್ಕೊಳ್ಳಿ, ಡೈಲಾಗನ್ನ ನಿಮ್ಮ ಮಕ್ಕಳ ಹತ್ರ ಹೊಸದಾಗಿ ಆಡಿಸಿ ಬರ್ಕೊಳ್ಳಿ, ಜೂನಲ್ಲೇ ಶುರು ಮಾಡಿದ್ರೆ ಟೈಮ್ ಸಾಕಾಗುತ್ತೆ.